ಝೂಮ್ ಇಲ್ಲದ ಲೆನ್ಸ್, ಕೇಳಿ ತೆಗೆದ ಫೋಟೊ

ನಮ್ಮ ಹಾಸ್ಟೆಲಿನಲ್ಲಿ ಈಗ ಫಿಲ್ಮ್ ಕ್ಯಾಮೆರಾದ ಗಾಳಿ ಬೀಸಿದೆ. ಮೊಬೈಲಿನಲ್ಲಿ ತೆಗೆದ ಫೋಟೊಗೆ ಮಾಸಿದ ಬಣ್ಣ, ಒಂದಿಷ್ಟು ಗೀರು, ಮೂಲೆಯಲ್ಲಿ ಕೆಂಪು ತಾರೀಖು ಹಾಕಿಕೊಡುವ ಆ್ಯಪ್‌ಗಳಿಂದ ಶುರುವಾದ ಹುಚ್ಚು ಈಗ ನಿಜವಾದ ರೀಲ್ ಕ್ಯಾಮೆರಾ ಕೊಳ್ಳುವವರೆಗೆ ಬಂದಿದೆ. ಇದರ ಬಗ್ಗೆ ಎರಡು ಅಭಿಪ್ರಾಯ ಓಡಾಡುತ್ತಿವೆ. ಇದೆಲ್ಲ ದುಡ್ಡಿದ್ದವರ ಶೋಕಿ ಎನ್ನುವವರು ಒಂದು ಕಡೆ. ಫಿಲ್ಮಿನಲ್ಲಿ ಆತ್ಮವಿದೆ, ಡಿಜಿಟಲ್‌ನಲ್ಲಿ ಅದಿಲ್ಲ ಎನ್ನುವವರು ಇನ್ನೊಂದು ಕಡೆ. ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ. ಎರಡನೆಯದು ನನಗೆ ಅರ್ಥವೇ ಆಗಿಲ್ಲ.

ನಾನು ಬಿ.ಇ. ಮೂರನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿ. ಮೂರು ವಾರದಿಂದ ನನ್ನ ಹತ್ತಿರ ಒಂದು ಪುಟ್ಟ ಲೆನ್ಸ್ ಇದೆ. ಅದನ್ನು ಅಜ್ಜನ ಹಳೆಯ ಕ್ಯಾಮೆರಾಕ್ಕೆ ಹಾಕಿಕೊಂಡು, ರಜೆ ಸಿಕ್ಕಾಗಲೆಲ್ಲ ಬಸ್ ಹತ್ತಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸುತ್ತಿದ್ದೇನೆ. ಎರಡು ರೀಲು, ಎಪ್ಪತ್ತೆರಡು ಚಿತ್ರ. ಒಂದು ಲೆನ್ಸಿನ ಬಗ್ಗೆ ತೀರ್ಪು ಕೊಡಲು ಇದು ಸಾಲದು, ಮೊದಲ ಅನಿಸಿಕೆಗೆ ಸಾಕು. ಆ ಅನಿಸಿಕೆ ಇಷ್ಟು: ಈ ಲೆನ್ಸ್ ನಮ್ಮನ್ನು ಎದುರಿನವರಿಂದ ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎನ್ನುವುದೇ ಅದರ ದೊಡ್ಡ ಗುಣ. ಈ ಮಾತು ನಮ್ಮೂರುಗಳ ಜಾತ್ರೆ, ಗುಡ್ಡ, ಮಗ್ಗದ ಮನೆಗಳಲ್ಲಿ ಫೋಟೊ ತೆಗೆಯುವ ಎಲ್ಲರಿಗೂ ಸಂಬಂಧಪಟ್ಟದ್ದು ಎಂದು ಬರೆಯುತ್ತಿದ್ದೇನೆ.

ಮೊದಲು ಸಾಮಾನಿನ ಪರಿಚಯ. ಕ್ಯಾಮೆರಾದ ಹೆಸರು ಜೋರ್ಕಿ-4. ಸೇನೆಯಲ್ಲಿದ್ದ ಅಜ್ಜ ದಿಲ್ಲಿಯಲ್ಲಿ ಕೊಂಡದ್ದಂತೆ. ರಷ್ಯನ್ ಭಾಷೆಯಲ್ಲಿ ಜೋರ್ಕಿ ಎಂದರೆ ಸೂಕ್ಷ್ಮ ಕಣ್ಣಿನವನು. ಸೋವಿಯತ್ ಒಕ್ಕೂಟದಲ್ಲಿ 1956ರಿಂದ 1973ರವರೆಗೆ ಲಕ್ಷಗಟ್ಟಲೆ ತಯಾರಾಯಿತು. ಇದರ ವಂಶಾವಳಿ ಜರ್ಮನಿಗೆ ಹೋಗಿ ಮುಟ್ಟುತ್ತದೆ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. ಅದರ ಮುಂದಿನ ಮಾದರಿಯನ್ನು ನೋಡಿ ನಕಲು ಮಾಡಿದವರು ಖಾರ್ಕಿವ್ ನಗರದ ಒಂದು ಶ್ರಮ ಕಮ್ಯೂನಿನವರು. ಶಿಕ್ಷಣತಜ್ಞ ಮಕರೆಂಕೊ ನಡೆಸುತ್ತಿದ್ದ ಆ ಕಮ್ಯೂನಿನಲ್ಲಿದ್ದವರು ಅನಾಥ, ದಿಕ್ಕಿಲ್ಲದ ಹುಡುಗ ಹುಡುಗಿಯರು. ಅವರ ಕೈಯಿಂದ 1934ರಲ್ಲಿ ಹೊರಬಂದ ಕ್ಯಾಮೆರಾ ‘ಫೆಡ್’. ಯುದ್ಧದ ನಂತರ ಮಾಸ್ಕೊ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಹುಟ್ಟಿದ ಅದರ ತಮ್ಮನೇ ಜೋರ್ಕಿ. ನಮ್ಮ ವಯಸ್ಸಿನವರು, ನಮಗಿಂತ ಸಣ್ಣವರು ಕೂತು ಮೈಕ್ರಾನ್ ಲೆಕ್ಕದ ಯಂತ್ರ ಮಾಡಿದ್ದರು ಎಂಬುದನ್ನು ಓದಿದ ಮೇಲೆ ನಮ್ಮ ವರ್ಕ್‌ಶಾಪಿನ ಲೇತ್ ಮುಂದೆ ನಿಂತಾಗ ಸ್ವಲ್ಪ ನಾಚಿಕೆಯಾಗುತ್ತದೆ.

ಮನೆಯ ಟ್ರಂಕಿನಲ್ಲಿ ಕ್ಯಾಮೆರಾ ಸಿಕ್ಕಾಗ ಅದರ ಮೂಲ ಲೆನ್ಸಿನೊಳಗೆ ಬೂಷ್ಟು ಹಬ್ಬಿತ್ತು. ಗಾಜಿನ ಒಳಮೈ ಮೇಲೆ ಜೇಡರ ಬಲೆಯಂಥ ಎಳೆ. ಹಾಗಾಗಿ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ 2,800 ರೂಪಾಯಿ ಕೊಟ್ಟು ಸೆಕೆಂಡ್‌ಹ್ಯಾಂಡ್ ಲೆನ್ಸ್ ತರಿಸಿದೆ: ಇಂಡಸ್ಟಾರ್-50. ಐವತ್ತು ಎಂ.ಎಂ., ಅಪರ್ಚರ್ 3.5. ಒಳಗೆ ನಾಲ್ಕು ಗಾಜು, ಮೂರು ಗುಂಪು. ಜೈಸ್ ಕಂಪನಿಯ ಪಾಲ್ ರುಡಾಲ್ಫ್ 1902ರಲ್ಲಿ ಕಂಡುಹಿಡಿದ ‘ಟೆಸ್ಸಾರ್’ ವಿನ್ಯಾಸ ಇದು. ಹೊರಗೆಳೆದು ಒಂದಿಷ್ಟು ತಿರುಗಿಸಿದರೆ ಬಿಗಿಯುತ್ತದೆ, ಕೆಲಸ ಮುಗಿದ ಮೇಲೆ ಕ್ಯಾಮೆರಾದ ಹೊಟ್ಟೆಯೊಳಕ್ಕೆ ತಳ್ಳಬಹುದು. ಆಗ ಅದು ಎರಡು ಬೆರಳಿನಷ್ಟೇ ಹೊರಗೆ ಕಾಣುತ್ತದೆ. ತೂಕ ಒಂದು ಸಣ್ಣ ಪೇರಲ ಹಣ್ಣಿನಷ್ಟು. ಜೋಳಿಗೆಯಲ್ಲಿ ಬುತ್ತಿ ಡಬ್ಬಿಯ ಪಕ್ಕ ಕ್ಯಾಮೆರಾ ಆರಾಮಾಗಿ ಕೂರುತ್ತದೆ.

ರೇಂಜ್‌ಫೈಂಡರ್ ಎಂದರೇನು ಎಂದು ಕೇಳುವವರಿಗೆ: ಡಿ.ಎಸ್.ಎಲ್.ಆರ್.ನಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ಇದರಲ್ಲಿ ಹಾಗಿಲ್ಲ. ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಕ್ಯಾಮೆರಾದ ಮುಂಭಾಗದಲ್ಲಿ ಸ್ವಲ್ಪ ಅಂತರದಲ್ಲಿ ಎರಡು ಕಿಂಡಿಗಳಿವೆ. ಎರಡರಿಂದಲೂ ಬಂದ ಬಿಂಬಗಳು ಕಣ್ಣಿನ ಮುಂದೆ ಒಂದರ ಮೇಲೊಂದು ಬೀಳುತ್ತವೆ. ಫೋಕಸ್ ಇಲ್ಲದಿದ್ದರೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಲೆನ್ಸ್ ತಿರುಗಿಸುತ್ತ ಇಬ್ಬರನ್ನು ಒಬ್ಬರನ್ನಾಗಿಸಿದರೆ ಫೋಕಸ್ ಆಯಿತು. ಸರ್ವೇ ಮಾಡುವವರು ಕೋನ ಅಳೆದು ದೂರ ಹೇಳುವ ತ್ರಿಕೋನದ ಲೆಕ್ಕವೇ ಇದು. ಲೆನ್ಸಿನ ಹಿಂಬದಿಯ ಅಂಚು ಕ್ಯಾಮೆರಾದೊಳಗಿನ ಒಂದು ಪುಟ್ಟ ಮೂಗಿನಂಥ ಸನ್ನೆಯನ್ನು ತಳ್ಳುತ್ತದೆ, ಆ ಸನ್ನೆ ಒಳಗಿನ ಬಿಂಬವನ್ನು ಸರಿಸುತ್ತದೆ. ಕೈನೆಮ್ಯಾಟಿಕ್ಸ್ ಪೇಪರಿನಲ್ಲಿ ಹತ್ತು ಅಂಕಕ್ಕೆ ಚಿತ್ರ ಬರೆದು ಮರೆತಿದ್ದ ಕ್ಯಾಮ್ ಮತ್ತು ಫಾಲೋವರ್ ಬೆರಳ ತುದಿಯಲ್ಲಿ ಅಲುಗಾಡಿದ್ದು ಅಂದೇ. ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಮೀಟರ್ ಇಲ್ಲ. ರೀಲನ್ನು ಮುಂದಕ್ಕೆ ತಿರುಗಿಸಿದ ಮೇಲೆಯೇ ಶಟರ್ ವೇಗ ಬದಲಿಸಬೇಕು, ಮೊದಲೇ ಬದಲಿಸಿದರೆ ಒಳಗಿನ ಗೇರು ಕೆಡುತ್ತದೆ. ಇದನ್ನು ಕ್ಯಾಮೆರಾ ಹೇಳುವುದಿಲ್ಲ, ಗೊತ್ತಿದ್ದವರು ಹೇಳಬೇಕು.

ಕಿತ್ತೂರಿನಲ್ಲಿ ಬೆಳಕಿಗೆ ಬರವಿಲ್ಲ. 1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಕೋಟೆ ಈಗ ಬಹುಪಾಲು ಮೋಟುಗೋಡೆ. ಸೂರಿಲ್ಲದ ಅರಮನೆಯ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. 400 ವೇಗದ ಕಪ್ಪು-ಬಿಳುಪು ಫಿಲ್ಮಿಗೆ ಇಂಥ ಬಿಸಿಲಿನಲ್ಲಿ ಅಪರ್ಚರ್ 16, ಶಟರ್ 1/500 ಎಂಬುದು ಹಳೆಯ ಛಾಯಾಗ್ರಾಹಕರ ಬಾಯಿಲೆಕ್ಕ. ಮೀಟರ್ ಇಲ್ಲದೆ ಅದೇ ಲೆಕ್ಕದಲ್ಲಿ ತೆಗೆದ ಚಿತ್ರಗಳೆಲ್ಲ ಸರಿಯಾಗಿ ಬಂದವು. ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಮಾಡಿದ ಒಂದು ದುಂಡು ಕಿಂಡಿ ಇದೆ. ಒಂದೇ ದಿಕ್ಕಿಗೆ ನೆಟ್ಟ, ಝೂಮ್ ಮಾಡಲಾಗದ ಕಿಂಡಿ. ನನ್ನ ಲೆನ್ಸಿನ ಅಕ್ಕನ ಹಾಗೆ ಕಂಡಿತು. ಕಲ್ಲಿನ ಒರಟುತನ, ಗಾರೆಯಲ್ಲಿ ಉಳಿದ ಬೆರಳ ಗುರುತು, ಹುಲ್ಲಿನ ಎಳೆ ಎಲ್ಲವೂ ಚೊಕ್ಕ. ಆದರೆ ಸೂರ್ಯನ ಕಡೆ ಸ್ವಲ್ಪ ತಿರುಗಿದರೆ ಚಿತ್ರದ ಮೇಲೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಹಳೆಯ ಗಾಜಿನ ಲೇಪನ ತೀರಾ ಸಾಧಾರಣ. ಕೆಲವರು ಇದನ್ನೇ ಕಾವ್ಯ ಎನ್ನುತ್ತಾರೆ, ನನ್ನ ಪ್ರಕಾರ ಅದು ದೋಷ, ಅಂಗೈಯಿಂದ ನೆರಳು ಹಿಡಿದರೆ ಕಡಿಮೆಯಾಗುತ್ತದೆ. ಇನ್ನೊಂದು ಎಚ್ಚರಿಕೆ. ಈ ಕ್ಯಾಮೆರಾದ ಶಟರ್ ಬಟ್ಟೆಯದು. ಲೆನ್ಸಿನ ಮುಚ್ಚಳ ತೆಗೆದು ಸೂರ್ಯನತ್ತ ಮುಖ ಮಾಡಿ ಇಟ್ಟರೆ, ಭೂತಗನ್ನಡಿಯಿಂದ ಕಾಗದ ಸುಟ್ಟಂತೆ ಬಟ್ಟೆಗೆ ತೂತು ಬೀಳುತ್ತದೆ. ನಮ್ಮ ಕಡೆಯ ಬಿಸಿಲಿಗೆ ಇದು ಬರೀ ಪುಸ್ತಕದ ಮಾತಲ್ಲ.

ರಾಮದುರ್ಗದ ಮಗ್ಗದ ಮನೆಯಲ್ಲಿ ಲೆನ್ಸ್ ಸೋತಿತು. ಒಂದು ಟ್ಯೂಬ್‌ಲೈಟು, ಒಂದು ಸಣ್ಣ ಕಿಟಕಿ, ಒಳಗೆ ಪವರ್‌ಲೂಮಿನ ಗದ್ದಲ. ‘ತಗೀ ತಮ್ಮಾ, ಆದ್ರ ಮಗ್ಗ ನಿಂದ್ರಸಾಕ ಆಗೂದಿಲ್ಲ ನೋಡು’ ಎಂದರು ನೇಕಾರರು. ಅವರ ದಿನದ ಲೆಕ್ಕ ಅವರಿಗೆ. ಅಪರ್ಚರ್ 3.5 ಪೂರ್ತಿ ತೆರೆದರೂ 1/15 ಸೆಕೆಂಡ್ ಬೇಕಿತ್ತು. ನಿಂತ ಗೋಡೆ ಬಂತು, ಹಾಸಿನ ಎಳೆಗಳು ಬಂದವು, ಲಾಳಿ ಮತ್ತು ಕೈ ಮಾತ್ರ ಹೊಗೆಯಾದವು. ಮೊಬೈಲಿನ ಲೆನ್ಸ್ 1.8 ಅಪರ್ಚರಿನದು. ಒಳಬರುವ ಬೆಳಕು ಇದಕ್ಕಿಂತ ಸುಮಾರು ನಾಲ್ಕು ಪಟ್ಟು ಹೊಳಪು, ಜೊತೆಗೆ ಅದು ಹಲವು ಚಿತ್ರಗಳನ್ನು ಬೆರೆಸಿ ಒಂದು ಮಾಡುತ್ತದೆ. ಅಲ್ಲಿ ಮೊಬೈಲೇ ಸರಿ. ‘ಫಿಲ್ಮ್ ಎಂದೂ ಸೋಲುವುದಿಲ್ಲ’ ಎನ್ನುವವರನ್ನು ಒಮ್ಮೆ ಆ ಮಗ್ಗದ ಮನೆಗೆ ಕರೆದುಕೊಂಡು ಹೋಗಬೇಕು. ಆದರೆ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಅದೇ ನೇಕಾರರು ಕ್ಯಾಮೆರಾ ಕೈಗೆ ತೆಗೆದುಕೊಂಡು, ಲೆನ್ಸ್ ಒಳಗೆ ಹೊರಗೆ ಮಾಡಿ, ಕಿಂಡಿಯಲ್ಲಿ ನನ್ನನ್ನು ಎರಡು ಮಾಡಿ ಒಂದು ಮಾಡಿ ನೋಡಿದರು. ‘ಇದರಾಗ ನೀ ಹಾಸು, ಹೊಕ್ಕು ಎರಡೂ ಜೋಡಸ್ತಿ ಅನ್ನು’ ಎಂದರು. ನಮ್ಮ ಪ್ರೊಫೆಸರ್ ರೇಂಜ್‌ಫೈಂಡರನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲಾರರು. ಆಮೇಲೆ ತೆಗೆದ ಅವರ ಚಿತ್ರವೇ ಎರಡು ರೀಲಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು.

ಈಗ ದೂರದ ಲೆಕ್ಕಕ್ಕೆ ಬರುತ್ತೇನೆ. ಫಿಲ್ಮಿನ ಒಂದು ಚೌಕಟ್ಟು 36 ಎಂ.ಎಂ. ಅಗಲ. ಐವತ್ತು ಎಂ.ಎಂ. ಲೆನ್ಸಿನಲ್ಲಿ ಎರಡು ಮೀಟರ್ ದೂರದಿಂದ ನೋಡಿದರೆ ಸುಮಾರು 1.4 ಮೀಟರ್ ಜಾಗ ಚೌಕಟ್ಟಿನಲ್ಲಿ ಹಿಡಿಯುತ್ತದೆ. ಕ್ಯಾಮೆರಾ ನಿಲ್ಲಿಸಿ ಹಿಡಿದರೆ ಒಬ್ಬರು ಮೊಣಕಾಲಿನವರೆಗೆ ಬರುತ್ತಾರೆ. ಇದೇ ಚಿತ್ರವನ್ನು 200 ಎಂ.ಎಂ. ಲೆನ್ಸಿನಲ್ಲಿ ಎಂಟು ಮೀಟರ್ ದೂರದಿಂದ ತೆಗೆಯಬಹುದು. ಎರಡು ಮೀಟರ್ ಎಂದರೆ ಮಾತಾಡುವ ದೂರ. ‘ಎಲ್ಲಿಯವರಾದ್ರೀ’ ಎಂದು ಕೇಳದೆ ಅಲ್ಲಿ ನಿಲ್ಲಲಾಗುವುದಿಲ್ಲ. ಎಂಟು ಮೀಟರ್ ಎಂದರೆ ಕಂಬದ ಮರೆ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕಂಬದ ಮರೆಯ ಕ್ಯಾಮೆರಾಗಳನ್ನು ಸಣ್ಣಂದಿನಿಂದ ನೋಡಿದ್ದೇನೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸಾಕು, ಮೊಳದುದ್ದದ ಲೆನ್ಸುಗಳು ಬರುತ್ತವೆ. ಹಾರುವ ಭಂಡಾರ, ತಲೆಯ ಮೇಲೆ ಜಗ ಹೊತ್ತ ಜೋಗತಿಯರು, ಉಧೋ ಎನ್ನುವಾಗ ಕಣ್ಣು ಮುಚ್ಚಿದ ಮುಖಗಳು. ಬಣ್ಣದ ಸ್ಪರ್ಧೆಗಳಿಗೆ ಇದಕ್ಕಿಂತ ಸೊಗಸಾದ ಸರಕು ಎಲ್ಲಿ ಸಿಗಬೇಕು! ಆ ಚಿತ್ರಗಳಲ್ಲಿ ಎಷ್ಟೋ ನಿಜಕ್ಕೂ ಚೆನ್ನಾಗಿರುತ್ತವೆ. ಅವುಗಳ ಕೆಳಗಿನ ಬರಹ ಮಾತ್ರ ನೋಡಬೇಕು. ಹೆಸರಿಲ್ಲ, ಊರಿಲ್ಲ. ಎಷ್ಟೋ ಸಲ ‘ದೇವದಾಸಿ’ ಎಂಬ ಒಂದೇ ಪದ. ಹರಕೆ ತೀರಿಸಲು ಬಂದ ಹೆಂಗಸಿಗೂ ಅದೇ ಪದ.

ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ 1982ರಲ್ಲೇ ಮಾಡಿದೆ. ಆ ಕಾನೂನಿಗೂ ಮೊದಲೇ ಮುತ್ತು ಕಟ್ಟಿಸಿಕೊಂಡವರು, ನಂತರವೂ ಕದ್ದುಮುಚ್ಚಿ ಕಟ್ಟಿಸಿಕೊಂಡವರು, ಅದರಿಂದ ಹೊರಬಂದು ಮಕ್ಕಳನ್ನು ಓದಿಸಿದವರು ನಮ್ಮ ನಡುವೆ ಇದ್ದಾರೆ. ಅವರ ಮಕ್ಕಳಲ್ಲಿ ನಮ್ಮ ಜೊತೆ ಕಾಲೇಜಿನಲ್ಲಿ ಕೂರುವವರೂ ಇರಬಹುದು, ಈ ಪುಟ ಓದುವವರೂ ಇರಬಹುದು. ಒಂದು ಫೋಟೊ, ಅದರ ಕೆಳಗೊಂದು ಪದ, ಅವರ ಮನೆಗೆ ಏನು ಮಾಡುತ್ತದೆ?

ದಟ್ಟಣೆ ಕಡಿಮೆ ಇದ್ದ ಒಂದು ದಿನ ಗುಡ್ಡ ಹತ್ತಿದ್ದೆ. ಮೆಟ್ಟಿಲ ಬದಿ ಕೂತಿದ್ದ ಹಿರಿಯ ಜೋಗತಿಯೊಬ್ಬರ ಎದುರು ಕೂತು ‘ಫೋಟೊ ತಗೀಲೇನ್ರಿ ಅವ್ವಾ?’ ಎಂದು ಕೇಳಿದೆ. ಅವರು ಕ್ಯಾಮೆರಾ ನೋಡಿದರು, ನನ್ನ ಮುಖ ನೋಡಿದರು. ‘ಬ್ಯಾಡಪಾ. ಹೋದ ವರ್ಷ ಯಾರೋ ದೂರದಿಂದ ತಗದದ್ದು ಮೊಬೈಲ್‌ನ್ಯಾಗ ಬಂತು. ಮಗಳನ್ನ ಕೊಟ್ಟ ಮನ್ಯಾಗೂ ನೋಡ್ಯಾರ. ಅದರ ಕೆಳಗ ಏನೇನೋ ಬರದಿದ್ರಂತ’ ಎಂದರು. ಬೈಯಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಲೆನ್ಸನ್ನು ಒಳಗೆ ತಳ್ಳಿದೆ. ಅರ್ಧ ತಾಸು ಕೂತು ಮಾತಾಡಿದೆವು. ನನ್ನ ಓದು, ಮುಗಿದ ಮೇಲೆ ನೌಕರಿ ಸಿಗುತ್ತದೋ ಇಲ್ಲವೋ, ಮನೆಯಲ್ಲಿ ಎಷ್ಟು ಜನ, ಎಲ್ಲ ವಿಚಾರಿಸಿದರು. ಅವರ ಚಿತ್ರ ನನ್ನ ಹತ್ತಿರ ಇಲ್ಲ. ಇರಬೇಕಿತ್ತು ಎಂದೂ ಅನ್ನಿಸಿಲ್ಲ.

ಫೋಟೊಗ್ರಫಿ ಕ್ಲಬ್ಬಿನ ಗೆಳೆಯನಿಗೆ ಇದನ್ನು ಹೇಳಿದೆ. ‘ಕೇಳಿ ತೆಗೆದರೆ ಮುಖ ಗಟ್ಟಿಯಾಗುತ್ತದೆ, ಸಹಜತೆ ಹೋಗುತ್ತದೆ’ ಎಂದ. ಮಾತಿನಲ್ಲಿ ಹುರುಳಿದೆ. ಕೇಳಿದ ಮೊದಲ ಕ್ಷಣಕ್ಕೆ ಎಲ್ಲರೂ ಆಧಾರ್ ಕಾರ್ಡಿನ ಫೋಟೊದಂತೆ ನೆಟ್ಟಗಾಗುತ್ತಾರೆ. ಆದರೆ ಈ ಕ್ಯಾಮೆರಾದ ನಿಧಾನ ಇಲ್ಲೇ ಕೆಲಸಕ್ಕೆ ಬರುತ್ತದೆ. ಅಪರ್ಚರ್ ಉಂಗುರ ಲೆನ್ಸಿನ ಮೂತಿಯ ಮೇಲಿದೆ, ಅದನ್ನು ತಿರುಗಿಸಲು ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಬೇಕು. ಮತ್ತೆ ಎತ್ತಬೇಕು, ಎರಡು ಬಿಂಬ ಒಂದು ಮಾಡಬೇಕು. ಅಷ್ಟರಲ್ಲಿ ನೆಟ್ಟಗೆ ಕೂತವರಿಗೆ ಬೇಸರ ಬಂದು, ಪಕ್ಕದವರ ಜೊತೆ ಏನೋ ಅಂದು, ನಕ್ಕು, ಸೆರಗು ಸರಿ ಮಾಡಿಕೊಂಡು ತಾವು ತಾವಾಗಿರುತ್ತಾರೆ. ಆಗ ಒತ್ತಿದರೆ ಆಯಿತು. ಮಗುವಿನ ಬೆನ್ನು ಹತ್ತುವಾಗ ಬೇರೆ ಉಪಾಯ: ಅಪರ್ಚರ್ 16ಕ್ಕೆ ಇಟ್ಟು ದೂರದ ಗುರುತನ್ನು ಐದು ಮೀಟರಿಗೆ ನಿಲ್ಲಿಸಿದರೆ, ಸುಮಾರು ಎರಡೂವರೆ ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟ. ಫೋಕಸ್ ಮಾಡುವ ಗೊಡವೆಯೇ ಇಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನು ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯವರೆಗೆ ಹೋದ ಚಿತ್ರಗಳವು. ತೆಗೆದವನು ಹತ್ತಿರದಲ್ಲೇ ಇದ್ದ ಎಂದು ಆ ಮುಖಗಳೇ ಹೇಳುತ್ತವೆ. ಐವತ್ತು ಎಂ.ಎಂ. ಲೆನ್ಸಿನ ಲೈಕಾ ಹಿಡಿದು 1947-48ರಲ್ಲಿ ಭಾರತ ಸುತ್ತಿದ ಕಾರ್ಟಿಯೆ-ಬ್ರೆಸೊನ್ ಕೇಳದೆಯೇ ಎಷ್ಟೋ ಚಿತ್ರ ತೆಗೆದಿರಬಹುದು, ಅದೂ ನಿಜ. ಸಣ್ಣ ಲೆನ್ಸ್ ಹಿಡಿದವರೆಲ್ಲ ಸಭ್ಯರು ಎಂದು ನಾನು ವಾದಿಸುತ್ತಿಲ್ಲ. ಹಕ್ಕಿಗೆ, ಕುಸ್ತಿ ಅಖಾಡಕ್ಕೆ, ಲಾಠಿ ಬೀಸುವ ಪೊಲೀಸರ ಎದುರು ನಿಂತ ಪತ್ರಕರ್ತನಿಗೆ ಉದ್ದ ಲೆನ್ಸ್ ಬೇಕೇ ಬೇಕು. ನನ್ನ ತಕರಾರು ಇರುವುದು ಬಡವರ, ಭಕ್ತರ, ಹೆಂಗಸರ ಮುಖವನ್ನು ಹಕ್ಕಿಯಂತೆ ಬೇಟೆಯಾಡುವ ಅಭ್ಯಾಸದ ಬಗ್ಗೆ.

ಮೊಬೈಲಿನಲ್ಲೂ ಹತ್ತಿರ ಹೋಗಿ ಕೇಳಬಹುದಲ್ಲ ಎಂದರೆ, ಧಾರಾಳವಾಗಿ ಕೇಳಬಹುದು. ಆದರೆ ಮೊಬೈಲ್ ಎತ್ತಿದ ಕೂಡಲೇ ‘ಯಾವುದರಾಗ ಹಾಕ್ತಿ?’ ಎಂಬ ಅನುಮಾನ ಎದುರಿನವರ ಕಣ್ಣಲ್ಲಿ ಬರುತ್ತದೆ. ಈ ಹಳೆಯ ಡಬ್ಬಿ ಕಂಡರೆ ಅನುಮಾನದ ಬದಲು ಕುತೂಹಲ. ‘ಇದಕ್ಕಿನ್ನೂ ರೀಲ್ ಸಿಗತಾವೇನು?’

ರೀಲಿನ ಮಾತು ಬಂದಾಗ ದುಡ್ಡಿನ ಮಾತು ಬರಲೇಬೇಕು. ಬೈಲಹೊಂಗಲದಲ್ಲಿ ನನಗೆ ಒಬ್ಬ ಸ್ಟುಡಿಯೊ ಕಾಕಾ ಇದ್ದಾರೆ. ಮದುವೆ ವಿಡಿಯೊ, ಪಾಸ್‌ಪೋರ್ಟ್ ಫೋಟೊ, ಝೆರಾಕ್ಸ್‌ನಿಂದ ಅಂಗಡಿ ನಡೆಯುತ್ತದೆ. ಹಿಂದಿನ ಕೋಣೆಯಲ್ಲಿ ಡೆವಲಪಿಂಗ್ ಟ್ಯಾಂಕು ಇನ್ನೂ ಇದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಮಾಲು ಬಳಸಿದವರು ಅವರು. ಆ ಸರ್ಕಾರಿ ಕಾರ್ಖಾನೆ ಮುಚ್ಚಿತು, ಈಗ ಬರುವ ಫಿಲ್ಮೆಲ್ಲ ಹೊರದೇಶದ್ದು. ನನ್ನ ಎರಡೂ ರೀಲನ್ನು ತೊಳೆದದ್ದು ಅವರೇ. ದ್ರಾವಣ ಇಪ್ಪತ್ತು ಡಿಗ್ರಿ ಇರಬೇಕು, ನಲ್ಲಿ ನೀರು ಅದಕ್ಕಿಂತ ಬಿಸಿ. ಪಕ್ಕದ ಲಸ್ಸಿ ಅಂಗಡಿಯಿಂದ ಐಸ್ ತರಿಸಿದರು. ರೀಲಿಗೆ 850, ಕೆಮಿಕಲ್ಲಿಗೆ ನನ್ನ ಪಾಲು 150, ಒಟ್ಟು ಸಾವಿರ ರೂಪಾಯಿ. 36ಕ್ಕೆ ಭಾಗಿಸಿದರೆ ಒಂದು ಚಿತ್ರಕ್ಕೆ ಸುಮಾರು 28. ಹಾಸ್ಟೆಲ್ ಕ್ಯಾಂಟೀನಿನ ಒಂದು ನಾಷ್ಟಾ.

ಹಾಗಾಗಿ ಶೋಕಿ ಎನ್ನುವ ಮಾತನ್ನು ಅರ್ಧ ಒಪ್ಪಿದ್ದು. 2022ರಲ್ಲಿ ಲೈಕಾ ತನ್ನ ಹಳೆಯ ಎಂ-6 ಫಿಲ್ಮ್ ಕ್ಯಾಮೆರಾವನ್ನು ಮತ್ತೆ ಮಾರಲು ಶುರು ಮಾಡಿತು. ಅದರ ಬೆಲೆಯಲ್ಲಿ ನಮ್ಮ ಇಡೀ ಬಿ.ಇ. ಮುಗಿದು ಚಿಲ್ಲರೆ ಉಳಿಯುತ್ತದೆ. ಅಂಥದ್ದನ್ನೋ, ಅದರ ಕನಸು ತೋರಿಸಿ ಮಾರುವ ಇನ್ನೊಂದನ್ನೋ ಇ.ಎಂ.ಐ. ಮೇಲೆ ಕೊಳ್ಳುವುದು, ಇನ್ನೂ ನೌಕರಿ ಕಾಣದ ನಮ್ಮಂಥವರಿಗೆ ಹುಚ್ಚುತನ. ಮೊದಲು ಮನೆಯ ಟ್ರಂಕು, ಅಟ್ಟ, ಸೋದರಮಾವನ ಅಲಮಾರು ಹುಡುಕಿ. ಊರಿನ ಹಳೆಯ ಸ್ಟುಡಿಯೊದವರನ್ನು ಕೇಳಿ. ಲೆನ್ಸ್ ಸಿಕ್ಕರೆ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಇದೆಯೇ ನೋಡಿ, ಫೋಕಸ್ ತಿರುಗಿಸಿ ಗ್ರೀಸ್ ಒಣಗಿದೆಯೇ ಪರೀಕ್ಷಿಸಿ. ಏನೂ ಸಿಗದಿದ್ದರೆ, ಮೊಬೈಲಿನ ಝೂಮ್ ಮುಟ್ಟದೆ ಒಂದು ತಿಂಗಳು ಫೋಟೊ ತೆಗೆಯಿರಿ. ಖರ್ಚಿಲ್ಲ.

ಮನೆಯಲ್ಲಿ ಅವ್ವ ಕೇಳಿದ ಪ್ರಶ್ನೆ: ‘ಇದರಿಂದ ಪ್ಲೇಸ್‌ಮೆಂಟಿಗೆ ಏನರ ಉಪಯೋಗ ಐತೇನು?’ ಸದ್ಯಕ್ಕೆ ಇಲ್ಲ. ನಮ್ಮ ಬ್ಯಾಚಿನ ಮೆಕ್ಯಾನಿಕಲ್‌ನವರಲ್ಲಿ ಬಹಳ ಮಂದಿ ಸಾಫ್ಟ್‌ವೇರ್ ಕಂಪನಿಗಳ ಪರೀಕ್ಷೆಗೆ ಕೋಡಿಂಗ್ ಕಲಿಯುತ್ತಿದ್ದಾರೆ, ನಾನೂ ಅವರಲ್ಲೊಬ್ಬ. ಆದರೂ ಕಾಕಾ ಮುಂದಿನ ರಜೆಯಲ್ಲಿ ಹಳೆಯ ಲೆನ್ಸನ್ನು ಬಿಚ್ಚಿ ಬೂಷ್ಟು ಒರೆಸುವುದನ್ನು ಕಲಿಸುತ್ತೇನೆ ಎಂದಿದ್ದಾರೆ. ಮೂರು ತಾಲ್ಲೂಕಿನಲ್ಲಿ ಆ ಕೆಲಸ ಬಲ್ಲವರು ತಾವೊಬ್ಬರೇ ಎಂಬುದು ಅವರ ಜಂಬ.

ಕೇಳಿ ತೆಗೆದವರಿಗೆಲ್ಲ ಒಂದೊಂದು ಪ್ರಿಂಟ್ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ನೆಗೆಟಿವನ್ನು ಸ್ಕ್ಯಾನ್ ಮಾಡಿ ಹಾಕಿಸಿದರೆ ಒಂದಕ್ಕೆ 15 ರೂಪಾಯಿ. ಹನ್ನೊಂದು ಮಂದಿಯಲ್ಲಿ ಏಳು ಮಂದಿಗೆ ಮುಟ್ಟಿದೆ. ರಾಮದುರ್ಗದ ನೇಕಾರರದು ಇನ್ನೂ ನನ್ನ ಬ್ಯಾಗಿನಲ್ಲಿದೆ. ಅವರು ವಿಳಾಸ ಬರೆಸಲಿಲ್ಲ. ‘ಮಗ್ಗದ ಸಪ್ಪಳ ಹಿಡದು ಬಾ’ ಎಂದಿದ್ದರು. ಆ ಓಣಿಯಲ್ಲಿ ಎಲ್ಲ ಮನೆಯಿಂದಲೂ ಅದೇ ಸಪ್ಪಳ.